ಎರಡು ಸೇರಿನಲ್ಲಿ ಎಷ್ಟು ಅಚ್ಚೇರು

ಚನ್ನಪಟ್ಟಣದ ಮಿಡಲ್ ಸ್ಕೂಲಿನಲ್ಲಿ ನಮ್ಮನ್ನು ಕೂರಿಸಿದ್ದು ಮಕ್ಕಳು ಕೂರುವ ಮಣೆಗಳ ಮೇಲೆ. ಮೊಣಕಾಲು ಗಲ್ಲಕ್ಕೆ ತಾಗುತ್ತಿತ್ತು. ಮಾಗಡಿಯಲ್ಲಿ ಕುರ್ಚಿಯ ಮೇಲೆ ಕೂತು, ಬೆತ್ತವನ್ನು ಮೇಜಿನ ಮೇಲಿಟ್ಟು ಲೆಕ್ಕ ಹೇಳಿಕೊಡುತ್ತಿದ್ದವನು ನಾನು. ಇಲ್ಲಿ ಪಂಚೆ ಸರಿಮಾಡಿಕೊಂಡು, ಪೇಟ ಬೀಳದಂತೆ ತಲೆ ಹಿಡಿದುಕೊಂಡು, ಮೂರನೆಯ ಸಾಲಿನಲ್ಲಿ ಮುದುರಿ ಕೂತೆ. ಪಾಠ ಶುರುವಾಗುವ ಮೊದಲೇ ನನಗೆ ಸಿಟ್ಟು ಬಂದಿತ್ತು.

ಹುಕುಂ ಸರ್ಕಾರದ್ದು. ಮಾಗಡಿ, ಕ್ಲೋಸ್‌ಪೇಟೆ, ಚನ್ನಪಟ್ಟಣ, ಕಾನಕಾನಹಳ್ಳಿ, ಈ ಊರುಗಳ ಮಿಡಲ್ ಸ್ಕೂಲುಗಳಲ್ಲಿ ಲೆಕ್ಕ ಹೇಳಿಕೊಡುವವರೆಲ್ಲ ಕೆಲವು ವಾರ ಚನ್ನಪಟ್ಟಣದಲ್ಲಿದ್ದು ಹೊಸ ಪದ್ಧತಿ ಕಲಿಯಬೇಕು. ಕೊನೆಯಲ್ಲಿ ಇನ್‌ಸ್ಪೆಕ್ಟರ ಎದುರಿಗೆ ಒಂದೊಂದು ಪಾಠ ಮಾಡಿ ತೋರಿಸಬೇಕು. ಗೆದ್ದವರಿಗೆ ಸರ್ಟಿಫಿಕೇಟು, ಗೆಲ್ಲದವರು ಹಳ್ಳಿಯ ಪ್ರೈಮರಿ ಸ್ಕೂಲಿಗೆ ವಾಪಸು. ಕ್ಲೋಸ್‌ಪೇಟೆ ಎಂದರೆ ಈಗಿನ ರಾಮನಗರ, ಕಾನಕಾನಹಳ್ಳಿ ಎಂದರೆ ಕನಕಪುರ. ಆಗ ನಮ್ಮ ಬಾಯಲ್ಲಿ ಇದ್ದದ್ದು ಆ ಹೆಸರುಗಳೇ. ನಾನು ಕಲ್ಯ ಎಂಬ ಹಳ್ಳಿಯ ಪ್ರೈಮರಿಯಿಂದ ಮಾಗಡಿಯ ಮಿಡಲ್ ಸ್ಕೂಲಿಗೆ ಬರುವಷ್ಟರಲ್ಲಿ ತಲೆಯ ಅರ್ಧ ನರೆತಿತ್ತು. ಮತ್ತೆ ಅಲ್ಲಿಗೆ ಹೋಗಿ ಅ ಆ ಇ ಈ ತಿದ್ದಿಸುವುದೆಂದರೆ ನಾಲ್ಕು ಜನರ ನಡುವೆ ತಲೆಯೆತ್ತುವ ಹಾಗಿರಲಿಲ್ಲ. ಬಂಡಿ ಹತ್ತುವಾಗ ಹೆಂಡತಿಯೂ ಅದನ್ನೇ ಹೇಳಿದ್ದಳು. ಎಡಗಡೆ ಸಾವನದುರ್ಗದ ಬಂಡೆ ಕಾಣಿಸುವವರೆಗೂ ಅವಳ ಮೇಲೆ ಗೊಣಗುತ್ತಲೇ ಹೋದೆ. ನನ್ನಂಥವನಿಗೆ ಲೆಕ್ಕ ಕಲಿಸುವವರು ಇನ್ನು ಹುಟ್ಟಬೇಕು ಎಂದು ಬಂಡಿಯವನಿಗೂ ಕೇಳಿಸುವ ಹಾಗೆ ಹೇಳಿದೆ.

ಜಂಭಕ್ಕೆ ಕಾರಣ ಇರಲಿಲ್ಲವೆಂದಲ್ಲ. ಕಾಲು, ಅರೆ, ಮುಕ್ಕಾಲು, ಒಂದೂಕಾಲು, ಒಂದೂವರೆ, ಯಾವ ಮಗ್ಗಿಯನ್ನು ಎಲ್ಲಿಂದ ಕೇಳಿದರೂ ನನ್ನ ನಾಲಿಗೆ ತಡವರಿಸುತ್ತಿರಲಿಲ್ಲ. ನಾನು ಬಾಯಿಬಿಟ್ಟರೆ ಇಡೀ ಕ್ಲಾಸು ಒಂದೇ ಕೊರಳಿನಲ್ಲಿ ಕೂಗಬೇಕು. ಕೂಗದವನ ಕೈಗೆ ಬೆತ್ತ. ನಮ್ಮ ಸ್ಕೂಲಿನ ಮುಂದೆ ಹಾದುಹೋಗುವವರು ನಿಂತು ಕೇಳುತ್ತಿದ್ದರು.

ತರಬೇತಿ ಕೊಡಲು ಬಂದವರು ನನಗಿಂತ ಹತ್ತಿಪ್ಪತ್ತು ವರ್ಷ ಚಿಕ್ಕವರು. ತೆಳ್ಳಗೆ, ಕರಿ ಕೋಟು, ದನಿ ಎತ್ತದ ಮನುಷ್ಯ. ಅವರನ್ನು ನಾವೆಲ್ಲ ಟ್ರೈನಿಂಗ್ ಮೇಷ್ಟ್ರು ಎನ್ನುತ್ತಿದ್ದೆವು. ಮೊದಲ ದಿನ ಕರಿಹಲಗೆಯ ಮೇಲೆ ಒಂದು ಲೆಕ್ಕ ಬರೆದರು: ಎರಡನ್ನು ಅರ್ಧದಿಂದ ಭಾಗಿಸಿ.

“ನಾಲ್ಕು,” ಎಂದು ನಾನು ಮೊದಲು ಕೂಗಿದೆ.

“ಹೇಗೆ ಮೇಷ್ಟ್ರೇ?”

“ಭಿನ್ನರಾಶೀನ ತಲೆಕೆಳಗು ಮಾಡಿ ಗುಣಿಸೋದು.”

“ತಲೆಕೆಳಗು ಯಾಕೆ ಮಾಡಬೇಕು?”

“ಸೂತ್ರ ಇರೋದೇ ಹಾಗೆ.”

“ಸರಿ. ಭಾಗ ಮಾಡಿದರೆ ಕಮ್ಮಿ ಆಗಬೇಕಲ್ಲವೇ? ಎರಡು ಹೋಗಿ ನಾಲ್ಕು ಆಯಿತಲ್ಲ, ಆ ಹೆಚ್ಚಿನದು ಎಲ್ಲಿಂದ ಬಂತು ಅಂತ ಒಬ್ಬ ಹುಡುಗ ಕೇಳಿದರೆ ಏನು ಹೇಳುತ್ತೀರಿ?”

ನನ್ನ ಕ್ಲಾಸಿನಲ್ಲಿ ಹಾಗೆ ಕೇಳುವ ಧೈರ್ಯ ಯಾವ ಹುಡುಗನಿಗೂ ಇಲ್ಲ ಎನ್ನುವುದು ಬಾಯಿಗೆ ಬಂದಿತ್ತು. ನುಂಗಿಕೊಂಡೆ. ಅವರು ನಮ್ಮ ಕೈಗೆ ಸ್ಲೇಟು ಕೊಟ್ಟು, ಈ ಲೆಕ್ಕ ಬರುವಂಥ ಒಂದು ಸಂಗತಿಯನ್ನು ಮನೆಯ ಬದುಕಿನಿಂದ ಹುಡುಕಿ ಬರೆಯಿರಿ ಎಂದರು. ನಾನು ಬರಬರನೆ ಬರೆದೆ: ಎರಡು ಸೇರು ರಾಗಿಯನ್ನು ಇಬ್ಬರು ಅಣ್ಣತಮ್ಮಂದಿರು ಅರ್ಧರ್ಧ ಹಂಚಿಕೊಂಡರೆ ಒಬ್ಬೊಬ್ಬನಿಗೆ ಎಷ್ಟು?

ಟ್ರೈನಿಂಗ್ ಮೇಷ್ಟ್ರು ಸ್ಲೇಟು ತೆಗೆದುಕೊಂಡು, ಯಾರದ್ದು ಎಂದು ಹೇಳದೆ ಓದಿದರು. “ಇದಕ್ಕೆ ಉತ್ತರ ಎಷ್ಟು?”

“ಒಂದು ಸೇರು,” ಎಂದಿತು ಹಿಂದಿನ ಸಾಲು.

“ನಮಗೆ ಬೇಕಾದದ್ದು?”

“ನಾಲ್ಕು.”

ನನ್ನ ಪಕ್ಕದಲ್ಲಿ ಕಾನಕಾನಹಳ್ಳಿಯ ಮೇಷ್ಟ್ರು ಕೂತಿದ್ದ, ನನ್ನ ವಾರಿಗೆಯವನೇ. ನಾವಿಬ್ಬರೂ ಒಂದೇ ಕೋಣೆಯಲ್ಲಿ ಬಿಡಾರ ಮಾಡಿದ್ದೆವು. ಹೆಸರು ಹಿಡಿಯದೆ ಊರಿನ ಹೆಸರಿನಿಂದಲೇ ಒಬ್ಬರನ್ನೊಬ್ಬರು ಕರೆಯುತ್ತಿದ್ದೆವು. ಅವನು ಬಾಯಿಗೆ ಉತ್ತರೀಯ ಅಡ್ಡ ಹಿಡಿದು, “ಏನ್ಲಾ ಮಾಗಡಿ, ಅಣ್ಣತಮ್ಮಂದ್ರು ಮೂರು ಸೇರು ನುಂಗಾಕಿಬುಟ್ರಾ?” ಎಂದು ಕಿಸಕ್ಕೆಂದ. ನನ್ನ ಕಿವಿ ಬಿಸಿಯಾಯಿತು. ಅಷ್ಟು ವರ್ಷ ನಾನು ಮಕ್ಕಳಿಗೆ ಹೇಳಿಕೊಟ್ಟ ಲೆಕ್ಕದ ಅರ್ಥ ನನಗೇ ಗೊತ್ತಿರಲಿಲ್ಲ. ಮಧ್ಯಾಹ್ನ ಊಟ ಸೇರಲಿಲ್ಲ.

ಟ್ರೈನಿಂಗ್ ಮೇಷ್ಟ್ರ ಪದ್ಧತಿಯನ್ನು ಆಮೇಲೆ ತಿಳಿದುಕೊಂಡೆ. ಭಾಗಾಕಾರಕ್ಕೆ ಎರಡು ಮುಖ. ಒಂದು, ಹಂಚುವುದು. ಇನ್ನೊಂದು, ಇದರೊಳಗೆ ಅದು ಎಷ್ಟು ಸಲ ಹಿಡಿಸುತ್ತದೆ ಎಂದು ನೋಡುವುದು. ಎರಡು ಸೇರಿನಲ್ಲಿ ಅಚ್ಚೇರು, ಎಂದರೆ ಅರ್ಧ ಸೇರು, ಎಷ್ಟು ಸಲ ಅಳೆಯಬಹುದು? ನಾಲ್ಕು ಸಲ. ಹೆಚ್ಚಿನದು ಎಲ್ಲಿಂದಲೂ ಬರಲಿಲ್ಲ, ಅಳತೆ ಚಿಕ್ಕದಾಯಿತು ಅಷ್ಟೆ. ಮೊದಲು ಮಕ್ಕಳ ಕೈಯಲ್ಲಿ ಅಳೆಸಬೇಕು, ಕಂಡದ್ದನ್ನು ಅವರ ಬಾಯಿಂದಲೇ ಹೇಳಿಸಬೇಕು, ಸೂತ್ರ ಕೊನೆಗೆ. ಇಷ್ಟು ಸರಳವಾದದ್ದು ನನಗೆ ಹೊಳೆದಿರಲಿಲ್ಲವಲ್ಲ ಎಂದು ಒಳಗೇ ಕುದ್ದೆ. ನನ್ನ ಪಾಠಕ್ಕೆ ಇದೇ ಲೆಕ್ಕ ಬೇಕೆಂದು ಹಟಹಿಡಿದು ತೆಗೆದುಕೊಂಡೆ. ಬಿದ್ದ ಕಡೆಯೇ ಎದ್ದು ತೋರಿಸುತ್ತೇನೆ ಎಂಬ ಹುರುಪು.

ಪಾಠ ಮಾಡುವ ಕ್ರಮ ಹೀಗಿತ್ತು: ಒಬ್ಬರು ಮಕ್ಕಳಿಗೆ ಹೇಳಿಕೊಡುವಾಗ ಉಳಿದ ಮೇಷ್ಟ್ರುಗಳು ಹಿಂದೆ ಕೂತು ನೋಡಬೇಕು. ಮಕ್ಕಳು ಹೊರಗೆ ಹೋದಮೇಲೆ ಎದ್ದು ತಪ್ಪು ಒಪ್ಪು ಹೇಳಬೇಕು. ಕಾಗದದ ಮೇಲೆ ಚೆನ್ನಾಗಿತ್ತು. ಆದರೆ ನಮ್ಮ ಕಡೆ ವಯಸ್ಸಾದ ಮೇಷ್ಟ್ರ ತಪ್ಪನ್ನು ಇನ್ನೊಬ್ಬ ಮೇಷ್ಟ್ರು ಮೇಲಿನವರ ಎದುರಿಗೆ ಆಡುವುದುಂಟೇ? ದನಿ ಚೆನ್ನಾಗಿತ್ತು, ಕರಿಹಲಗೆಯ ಅಕ್ಷರ ದುಂಡಗಿತ್ತು, ಇಷ್ಟರಲ್ಲೇ ಮುಗಿಯುತ್ತಿತ್ತು. ಕ್ಲೋಸ್‌ಪೇಟೆಯಿಂದ ಬಂದಿದ್ದ ಸಾಹೇಬರು ನಮ್ಮಲ್ಲೆಲ್ಲ ಹಿರಿಯರು, ರೇಷ್ಮೆ ನೂಲು ತೆಗೆಯುವ ಮನೆತನದವರು. ಅವರು ತಮ್ಮ ಪಾಠದಲ್ಲಿ ದಶಾಂಶದ ಚುಕ್ಕಿಯನ್ನು ತಪ್ಪು ಜಾಗದಲ್ಲಿಟ್ಟರು. ನಾವೆಲ್ಲ ನೋಡಿದೆವು, ಯಾರೂ ಬಾಯಿಬಿಡಲಿಲ್ಲ. ಕೊನೆಗೆ ಟ್ರೈನಿಂಗ್ ಮೇಷ್ಟ್ರೇ ಮೆಲ್ಲಗೆ ಹೇಳಬೇಕಾಯಿತು.

ನನ್ನ ಸರದಿ ಇನ್‌ಸ್ಪೆಕ್ಟರು ಬಂದ ದಿನವೇ ಬಿತ್ತು. ನಾವು ಬಿಡಾರ ಮಾಡಿದ್ದ ಮನೆಯ ಅಜ್ಜಿಯ ಹತ್ತಿರ ಎರಡು ಸೇರು ರಾಗಿ ಕೇಳಿದೆ. ಅಜ್ಜಿ ಸೇರನ್ನು ರಾಶಿಗೆ ಅದ್ದಿ, ಮೇಲೆ ಗೋಪುರ ನಿಲ್ಲುವ ಹಾಗೆ ತುಂಬಿ, “ಲಾಭ” ಎಂದು ಸುರಿದಳು. ನಮ್ಮ ಕಡೆ ಕಾಳು ಅಳೆಯುವಾಗ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ಮತ್ತೆ ಗೋಪುರ ನಿಲ್ಲಿಸಿ, “ಎರಡು.” ನಾನು ಗಂಟು ಕಟ್ಟಿಕೊಂಡೆ. ಸ್ಕೂಲಿನಲ್ಲಿ ಒಂದು ಅಚ್ಚೇರು ಇತ್ತು.

ಐದನೇ ಕ್ಲಾಸಿನ ಮಕ್ಕಳ ಎದುರಿಗೆ ಬಿಳಿ ಪಂಚೆ ಹಾಸಿ ರಾಗಿ ಸುರಿದೆ. ಇನ್‌ಸ್ಪೆಕ್ಟರು ತೀರ ಹಿಂದೆ ಕುರ್ಚಿಯಲ್ಲಿ, ಟ್ರೈನಿಂಗ್ ಮೇಷ್ಟ್ರು ಕಿಟಕಿಯ ಪಕ್ಕ. “ಇದು ಎರಡು ಸೇರು. ಇದರಲ್ಲಿ ಎಷ್ಟು ಅಚ್ಚೇರು ಇದೆ ನೋಡೋಣ,” ಎಂದೆ. ಆ ಕ್ಲಾಸಿನಲ್ಲಿ ಒಬ್ಬಳೇ ಹುಡುಗಿ ಇದ್ದಳು, ಬೊಂಬೆ ಮಾಡುವವರ ಮನೆಯವಳು. ಮುಂದೆಯೇ ಕೂತಿದ್ದ ಅವಳ ಕೈಗೆ ಅಚ್ಚೇರು ಕೊಟ್ಟೆ. ಅಳತೆ ಕರಾರುವಾಕ್ಕಾಗಿ ಇರಬೇಕೆಂದು ಟ್ರೈನಿಂಗ್ ಮೇಷ್ಟ್ರು ಹೇಳಿದ್ದರಿಂದ, ಪ್ರತಿ ಸಲವೂ ನಾನೇ ರೂಲುಕೋಲಿನಿಂದ ಮೇಲ್ಭಾಗವನ್ನು ಸವರಿ ಮಟ್ಟ ಮಾಡಿದೆ.

“ಲಾಭ,” ಎಂದರು ಮಕ್ಕಳು. “ಎರಡು. ಮೂರು. ನಾಲ್ಕು.”

ಪಂಚೆಯ ಮೇಲೆ ಇನ್ನೂ ಒಂದು ಬೊಗಸೆಯಷ್ಟು ರಾಗಿ ಉಳಿದಿತ್ತು.

ಹುಡುಗಿ ಅಚ್ಚೇರನ್ನು ಮತ್ತೆ ರಾಗಿಗೆ ಹಾಕಿದಳು, ಯಾರೋ “ಐ...” ಎಂದರು. “ತುಂಬಾಕಿಲ್ಲ, ಒಸಿ ಕಮ್ಮಿ ಐತೆ,” ಎಂದಳು ಅವಳು.

“ನಾಲ್ಕು!” ಎಂದು ಗದರಿದೆ. “ಎಷ್ಟು?”

ಒಂದಿಬ್ಬರು ನಾಲ್ಕು ಎಂದರು. ಉಳಿದವರು ರಾಗಿಯನ್ನೇ ನೋಡುತ್ತಿದ್ದರು.

“ಎಲ್ಲರೂ ಹೇಳಬೇಕು. ಎಷ್ಟು?”

“ನಾಲ್ಕು!”

“ಇನ್ನೊಂದು ಸಲ.”

“ನಾಲ್ಕು!”

ಅವರು ಕೂಗುತ್ತಿರುವಾಗಲೇ ಉಳಿದ ರಾಗಿಯನ್ನು ಅಂಗೈಯಿಂದ ಸವರಿ ಪಂಚೆಯ ಅಂಚಿನ ಕೆಳಗೆ ತಳ್ಳಿದೆ. ಕರಿಹಲಗೆಯ ಮೇಲೆ ಸೂತ್ರ ಬರೆದೆ. ಮಕ್ಕಳು ಒಂದೇ ಕೊರಳಿನಲ್ಲಿ ಅದನ್ನು ಓದಿದರು, ಮಾಗಡಿಯಲ್ಲಿ ಓದುವ ಹಾಗೆಯೇ.

ಮಕ್ಕಳು ಹೋದಮೇಲೆ ಟೀಕೆ ಶುರುವಾಯಿತು. ಶಿಸ್ತು ಬಹಳ ಚೆನ್ನಾಗಿತ್ತು ಎಂದ ಕಾನಕಾನಹಳ್ಳಿ. ಮಕ್ಕಳ ದನಿ ಬೀದಿಗೆ ಕೇಳಿಸಿತು ಎಂದರು ಇನ್ನೊಬ್ಬರು. ಸಾಹೇಬರು ಗಡ್ಡ ನೀವಿಕೊಂಡು, “ಪಾಠ ಚೆನ್ನಾಗಿ ಬಂತು,” ಎಂದಷ್ಟೇ ಹೇಳಿ ಕೂತರು.

“ಇನ್ನೇನಾದರೂ ಹೇಳುವುದಿದೆಯೇ?” ಟ್ರೈನಿಂಗ್ ಮೇಷ್ಟ್ರು ಎಲ್ಲರ ಮುಖವನ್ನೂ ಒಂದು ಸುತ್ತು ನೋಡಿದರು. ನನ್ನ ಮುಖವನ್ನು ಕೊನೆಗೆ ನೋಡಿದರು. ಯಾರೂ ಉಸಿರೆತ್ತಲಿಲ್ಲ. ಇನ್‌ಸ್ಪೆಕ್ಟರು, “ಭೇಷ್! ಹೊಸ ಪದ್ಧತಿ, ಹಳೆಯ ಗಂಟಲು,” ಎಂದು ನಕ್ಕು, ಸರ್ಟಿಫಿಕೇಟುಗಳಿಗೆ ರಾತ್ರಿ ಸಹಿ ಹಾಕುವುದಾಗಿಯೂ, ಬೆಳಿಗ್ಗೆ ರೈಲಿಗೆ ಮುಂಚೆ ಬಂದು ಹಂಚುವುದಾಗಿಯೂ ಹೇಳಿ ಎದ್ದರು. ಎಲ್ಲರೂ ಹೋದಮೇಲೆ ಪಂಚೆ ಎತ್ತಿ ರಾಗಿಯನ್ನು ಬಳಿದುಕೊಂಡೆ. ಅವರೆಲ್ಲ ಒಂದೊಂದು ತಪ್ಪು ಹಿಡಿದು ನನ್ನ ಮಾನ ತೆಗೆದಿದ್ದರೂ ಅಷ್ಟು ನಾಚಿಕೆ ಆಗುತ್ತಿರಲಿಲ್ಲ. ಆ ಮೌನದಲ್ಲಿ ಸತ್ತೇಹೋದೆ.

ಬಿಡಾರಕ್ಕೆ ಹೋಗುವ ದಾರಿಯಲ್ಲಿ ಸಾಹೇಬರು ಜೊತೆಯಾದರು. ಬೊಂಬೆ ಕಡೆಯುವವರ ಬೀದಿಯಲ್ಲಿ ಅರಗಿನ ವಾಸನೆ ಹರಡಿತ್ತು. ಆ ಬೀದಿ ದಾಟುವಾಗ ಅವರು ಹೇಳಿದರು:

“ನಾನೂ ನೋಡ್ದೆ ಮೇಷ್ಟ್ರೇ. ನನ್ನ ಚುಕ್ಕಿ ತಪ್ಪಿದಾಗ ನೀವು ಸುಮ್ನಿದ್ರಿ. ಇವತ್ತು ನಾನು ಸುಮ್ನಿದ್ದೆ. ಬರಾಬರ್ ಆಯ್ತು. ಆದ್ರೆ ಮನಸ್ಸಿಗೆ ಚೆನ್ನಾಗಿಲ್ಲ.”

“ಬಯ್ಯಿ ಸಾಹೇಬ್ರೇ. ಬಯ್ದುಬಿಡಿ.”

“ಬಯ್ಯೋದು ಆಮೇಲೆ. ಆ ರಾಗಿ ಉಳೀತಲ್ಲ, ಅದು ಯಾಕೆ ಉಳೀತು?”

ಆ ಪ್ರಶ್ನೆ ನನಗೆ ಬಂದೇ ಇರಲಿಲ್ಲ! ಮುಚ್ಚುವುದೊಂದೇ ತಲೆಯಲ್ಲಿತ್ತು. ಇಬ್ಬರೂ ಅಜ್ಜಿಯ ಜಗುಲಿಯ ಮೇಲೆ ಕೂತು ಅದೇ ರಾಗಿಯನ್ನು ಮತ್ತೆ ಅಳೆದೆವು. ಈ ಸಲ ಅಜ್ಜಿಯ ಸೇರಿಗೇ ತುಂಬಿ ರೂಲುಕೋಲು ಸವರಿದೆವು. ಎರಡು ಸೇರು ಹೋಗಿ ಅದೇ ಬೊಗಸೆ ಉಳಿಯಿತು. ಸಾಹೇಬರು ಅಜ್ಜಿಯ ಸೇರನ್ನು ಒಮ್ಮೆ, ರೂಲುಕೋಲನ್ನು ಒಮ್ಮೆ ನೋಡಿದರು. ನಾನು ಹಣೆ ಚಚ್ಚಿಕೊಂಡೆ. ಮನೆಯಲ್ಲಿ ಗೋಪುರ ನಿಲ್ಲಿಸಿ ಅಳೆದದ್ದನ್ನು ಸ್ಕೂಲಿನಲ್ಲಿ ಮಟ್ಟ ಮಾಡಿ ಅಳೆದಿದ್ದೆ. ಹುಟ್ಟಿದಾಗಿನಿಂದ ನೋಡಿದ ಗೋಪುರ, ಅದೂ ರಾಗಿಯೇ ಎಂದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಒಳಗಿನಿಂದ ಬಂದ ಅಜ್ಜಿ ರೂಲುಕೋಲು ನೋಡಿ ಹೌಹಾರಿದಳು. “ಅಯ್ಯೋ ನಿಮ್ಮ, ಸೇರ್ನ ಮಟ್ಟ ಮಾಡ್ತಾರೇನ್ರಪ್ಪಾ! ಮನೆಯೇ ಮಟ್ಟ ಆಗೋಯ್ತದೆ, ತೆಗೀರಿ ಅತ್ಲಾಗೆ!” ಎಂದು ಸೇರನ್ನು ಕಿತ್ತುಕೊಂಡು ಹೋದಳು. ಸಾಹೇಬರು ನಕ್ಕರು. ನನಗೆ ನಗು ಬರಲಿಲ್ಲ. ಆ ಬೊಗಸೆ ರಾಗಿಯೇ ಆ ದಿನದ ಪಾಠವಾಗಬಹುದಿತ್ತು. ಇದು ಯಾಕೆ ಉಳಿಯಿತು ಎಂದು ಒಂದು ಮಾತು ಕೇಳಿದ್ದರೆ ಮಕ್ಕಳು ತಾವೇ ಹುಡುಕುತ್ತಿದ್ದರು. ನಾನು ಅವರ ಕಣ್ಣಿನ ಮೇಲೆ ಕೂಗು ಹೊದಿಸಿದೆ.

ರಾತ್ರಿ ಮಲಗುವಾಗ, ಮತ್ತೊಮ್ಮೆ ಪಾಠ ಮಾಡುತ್ತೇನೆ ಎಂದಾಗ ಕಾನಕಾನಹಳ್ಳಿ ತಲೆ ತಲೆ ಚಚ್ಚಿಕೊಂಡ. “ಸುಮ್ಕಿರ್ಲಾ ಮಾಗಡಿ. ಇಷ್ಟೊತ್ಗೆ ಸಹಿ ಬಿದ್ದೋಗಿರ್ತದೆ. ಕೈಗೆ ಬಂದಿದ್ನ ಕಾಲಲ್ಲಿ ಒದೀತಾರಾ? ಕಲ್ಯಕ್ಕೆ ಓಗಿ ಅ ಆ ಬರೆಸ್ತೀಯೇನ್ಲಾ?” ಅವನು ಹೇಳಿದ್ದು ಸರಿಯಾಗಿಯೇ ಇತ್ತು. ಹೆಂಡತಿಯ ಮುಖ ಕಣ್ಣೆದುರಿಗೆ ಬಂತು.

ಬೆಳಿಗ್ಗೆ ಟ್ರೈನಿಂಗ್ ಮೇಷ್ಟ್ರ ಬಳಿ ಹೋಗಿ ಗೋಪುರದ ಸಂಗತಿ ಹೇಳಿ, ಅದೇ ಮಕ್ಕಳನ್ನು ಅರ್ಧ ಗಂಟೆ ಕೊಡಿ ಎಂದೆ. ಅವರು ಯೋಚಿಸಿ, “ಇನ್‌ಸ್ಪೆಕ್ಟರು ರೈಲಿಗೆ ಹೋದಮೇಲೆ ಮಾಡಿ. ಯಾರಿಗೂ ತೊಂದರೆಯಿಲ್ಲ,” ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದರು. “ಬೇಡ ಸ್ವಾಮಿ, ಅವರ ಎದುರಿಗೇ ಆಗಲಿ,” ಎಂದೆ. ಇದನ್ನು ದೊಡ್ಡತನ ಎಂದುಕೊಳ್ಳಬೇಡಿ. ಈ ಸಲ ಪಾಠ ಎಷ್ಟು ಚೆಂದ ಬರುತ್ತದೆಂದರೆ, ಇನ್‌ಸ್ಪೆಕ್ಟರು ನಿನ್ನೆಗಿಂತ ದೊಡ್ಡ ಭೇಷ್ ಹೇಳುತ್ತಾರೆ ಎಂಬ ಆಸೆ ನನ್ನೊಳಗೆ ಕೂತಿತ್ತು. ಅದನ್ನು ನೆನೆದರೆ ಈಗಲೂ ಮೈ ಹಿಡಿಯಾಗುತ್ತದೆ.

ಹಂಚಿಕೆಯನ್ನು ಮನಸ್ಸಿನಲ್ಲೇ ಹಾಕಿಕೊಂಡೆ. ಅದೇ ರಾಗಿ ಸುರಿಯುವುದು. ಮಟ್ಟ ಮಾಡಿ ಅಳೆಸುವುದು. ಉಳಿದದ್ದನ್ನು ತೋರಿಸಿ ಇದೇನು ಎಂದು ಕೇಳುವುದು. ಮಕ್ಕಳು ಮಿಕ್ಕಿದೆ ಎಂದಕೂಡಲೇ ಸೇರನ್ನು ತಂದು ಗೋಪುರ ನಿಲ್ಲಿಸಿ, ಸವರಿ, ಗೋಪುರ ಎಷ್ಟೆಂದು ತೋರಿಸುವುದು. ಅಜ್ಜಿಯನ್ನು ಕಾಡಿ ಬೇಡಿ ಸೇರನ್ನೂ ತಂದಿದ್ದೆ.

ಇನ್‌ಸ್ಪೆಕ್ಟರು ಬಾಗಿಲಲ್ಲೇ ನಿಂತರು, ಒಂದು ಕೈಯಲ್ಲಿ ಗಡಿಯಾರ, ಇನ್ನೊಂದು ಕೈಯಲ್ಲಿ ಸರ್ಟಿಫಿಕೇಟುಗಳು. ಹೊರಗೆ ಜಟಕಾ ಕಾಯುತ್ತಿತ್ತು. “ಬೇಗ ಆಗಲಿ ಮೇಷ್ಟ್ರೇ,” ಎಂದರು.

ಪಂಚೆ ಹಾಸಿದೆ. ರಾಗಿ ಸುರಿದೆ. ಹುಡುಗಿಯ ಕೈಗೆ ಅಚ್ಚೇರನ್ನೂ ರೂಲುಕೋಲನ್ನೂ ಕೊಟ್ಟು, “ಈ ಸಲ ನೀನೇ ಅಳೆ. ಎಲ್ಲರೂ ಕಣ್ಣಿಟ್ಟು ನೋಡಿ,” ಎಂದೆ. ಮೆತ್ತಗೆ, ಟ್ರೈನಿಂಗ್ ಮೇಷ್ಟ್ರ ಹಾಗೆ ಹೇಳಿದೆ.

ಅವಳು ಅಳೆದಳು. ಚೊಕ್ಕವಾಗಿ ಸವರಿದಳು. ಲಾಭ. ಎರಡು. ಮೂರು. ನಾಲ್ಕು. ಬೊಗಸೆ ರಾಗಿ ಉಳಿಯಿತು. ನಾನು ಬಾಯಿ ತೆರೆಯುವಷ್ಟರಲ್ಲಿ ಅವಳು ಅಂಗೈ ಅಡ್ಡ ಹಿಡಿದು, ಉಳಿದದ್ದನ್ನು ಸವರಿ, ಪಂಚೆಯ ಅಂಚು ಎತ್ತಿ ಅದರ ಕೆಳಗೆ ತಳ್ಳಿದಳು. ಒಂದು ಕಾಳೂ ಹೊರಗೆ ಉಳಿಯದ ಹಾಗೆ ತಳ್ಳಿದಳು. ಆಮೇಲೆ ಕ್ಲಾಸಿಗೆ ಕ್ಲಾಸೇ, ನಾನು ಕೇಳದೆಯೇ, ಕೂಗಿತು:

“ನಾಲ್ಕು! ನಾಲ್ಕು! ನಾಲ್ಕು!”

“ಭೇಷ್!” ಎಂದರು ಬಾಗಿಲಿನಿಂದ ಇನ್‌ಸ್ಪೆಕ್ಟರು. ಅವರಿಗೆ ಕಾಣಿಸಿದ್ದು ಹುಡುಗಿಯ ಬೆನ್ನು ಮಾತ್ರ. “ಇವತ್ತೂ ನಾಲ್ಕೇ ಬಂತಲ್ಲ. ಬನ್ನಿ, ತಗೊಳ್ಳಿ,” ಎಂದು ನನ್ನ ಸರ್ಟಿಫಿಕೇಟನ್ನು ಮುಂದಕ್ಕೆ ಚಾಚಿದರು.

ಟ್ರೈನಿಂಗ್ ಮೇಷ್ಟ್ರು ಕಿಟಕಿಯ ಕಡೆ ತಿರುಗಿಕೊಂಡರು. ಸಾಹೇಬರು ಕಣ್ಣು ಮುಚ್ಚಿದರು. ನಾನು ಅಲ್ಲೇ ನೆಲದ ಮೇಲೆ ಕುಕ್ಕರಿಸಿ ಕೂತು ಪಂಚೆಯ ಅಂಚನ್ನು ಎತ್ತಿದೆ.

“ಏನ್ರೀ ಅದು?” ಎಂದು ಇನ್‌ಸ್ಪೆಕ್ಟರು ಎರಡು ಹೆಜ್ಜೆ ಒಳಗೆ ಬಂದರು.

“ಉಳಿದದ್ದು ಸ್ವಾಮಿ. ನಿನ್ನೆಯೂ ಉಳಿದಿತ್ತು. ನಾನೇ ಮುಚ್ಚಿಟ್ಟೆ.”

ಅವರು ರಾಗಿಯನ್ನು ನೋಡಿದರು, ನನ್ನನ್ನು ನೋಡಿದರು. ಬಯ್ಯಲಿಲ್ಲ. ಚಾಚಿದ್ದ ಕಾಗದವನ್ನು ಹಿಂದಕ್ಕೆ ತೆಗೆದುಕೊಂಡು ಕೋಟಿನೊಳಗೆ ಇಟ್ಟುಕೊಂಡರು, ಉಳಿದವನ್ನು ಟ್ರೈನಿಂಗ್ ಮೇಷ್ಟ್ರ ಕೈಗೆ ಕೊಟ್ಟು ಜಟಕಾ ಹತ್ತಿದರು. ಕಲ್ಯಕ್ಕೆ ಹೋಗೆಂಬ ಹುಕುಂ ಆಮೇಲೆ ಬಂತು, ಹೋದೆ.

ಹುಡುಗಿಯ ಕಣ್ಣಲ್ಲಿ ನೀರು ತುಂಬಿತ್ತು. “ನೆನ್ನೆ ನೀವೇ ಇಂಗೆ ಮಾಡುದ್ರಲ್ಲ ಮೇಷ್ಟ್ರೇ? ನಾನೇನು ತಪ್ಪು ಮಾಡ್ದೆ?”

“ಹೂಂ ಕಣವ್ವ, ನಾನೇ ಮಾಡಿದ್ದು. ನಿನ್ನದೇನೂ ತಪ್ಪಿಲ್ಲ.” ರಾಗಿಯನ್ನೆಲ್ಲ ಮತ್ತೆ ಒಂದೇ ರಾಶಿ ಮಾಡಿ, ಅಚ್ಚೇರನ್ನು ಅವಳ ಕೈಗಿಟ್ಟೆ. “ಈಗ ಅಳೆ. ಎಷ್ಟು ಬಂದರೆ ಅಷ್ಟು ಹೇಳು.”

ಅವಳು ಮೂಗೊರೆಸಿಕೊಂಡು ಅಳೆದಳು. ನಾಲ್ಕಕ್ಕೆ ನಿಂತಳು. ಪಂಚೆಯ ಮೇಲೆ ರಾಗಿ ಉಳಿದಿತ್ತು. ಎಷ್ಟು ಎಂದು ಕೇಳಿದೆ. ಅವಳು ರಾಗಿಯ ಕಡೆ ನೋಡಲಿಲ್ಲ, ನನ್ನ ಮುಖ ನೋಡಿದಳು.